ಬದಲಾದದ್ದು ನೆಲವೋ, ಅಳತೆಯೋ? ಪರಿಸರ ನಿಗಾಕ್ಕೆ ಉಪಗ್ರಹ ಚಿತ್ರ ಆರಿಸುವ ಬಗೆ

ಕೆರೆ ಕುಗ್ಗಿದೆಯೇ, ಕಾಡಿನ ಅಂಚು ಹಿಂದೆ ಸರಿದಿದೆಯೇ, ಬೆಂಕಿ ಎಷ್ಟು ಗುಡ್ಡ ಸುಟ್ಟಿತು ಎಂದು ನೋಡಲು ಬೇಕಾದ ಚಿತ್ರಗಳು ಈಗ ಪುಕ್ಕಟೆ ಸಿಗುತ್ತವೆ. ಯಾವುದನ್ನು ಆರಿಸಬೇಕು ಎಂಬಲ್ಲಿಯೇ ತೊಡಕು. ಎರಡು ದಿನಾಂಕದ ಚಿತ್ರಗಳನ್ನು ಒಂದರಿಂದೊಂದು ಕಳೆದರೆ ಏನಾದರೊಂದು ವ್ಯತ್ಯಾಸ ಸಿಕ್ಕೇ ಸಿಗುತ್ತದೆ. ಅದರಲ್ಲಿ ನೆಲದ ಪಾಲೆಷ್ಟು, ಮೋಡದ್ದೆಷ್ಟು, ಸೂರ್ಯನ ಕೋನದ್ದೆಷ್ಟು, ಸಂವೇದಕ ಬದಲಾದದ್ದರಿಂದ ಬಂದದ್ದೆಷ್ಟು ಎಂದು ಬೇರ್ಪಡಿಸಲು ಆಗದಿದ್ದರೆ ಆ ನಕ್ಷೆಯನ್ನು ಯಾರ ಮುಂದೆಯೂ ಇಡುವಂತಿಲ್ಲ. ಆದ್ದರಿಂದ ಇಲ್ಲಿ ಉಪಗ್ರಹ, ಸೂಚ್ಯಂಕ (ಚಿತ್ರದ ಅಂಕಿಗಳಿಂದ ಲೆಕ್ಕ ಹಾಕಿದ ಹಸಿರು, ನೀರಿನಂಥವುಗಳ ಅಳತೆ), ವಿಧಾನ ಎಲ್ಲವನ್ನೂ ಒಂದೇ ಪ್ರಶ್ನೆಯಿಂದ ತೂಗಿದೆ: ಇದನ್ನು ಆರಿಸಿಕೊಂಡರೆ ಯಾವ ಸುಳ್ಳು ಬದಲಾವಣೆ ಒಳಗೆ ನುಸುಳುತ್ತದೆ?

ಪಿಕ್ಸೆಲ್ ಎಷ್ಟು ಸಣ್ಣದಿರಬೇಕು

ನೋಡಬೇಕಾದ ವಸ್ತುಗಳಲ್ಲಿ ತೀರಾ ಚಿಕ್ಕದು ಯಾವುದು ಎಂಬುದನ್ನು ಮೊದಲು ಬರೆದುಕೊಳ್ಳಿ. 100 ಮೀಟರ್ ಉದ್ದಗಲದ ಒಂದು ಹೊಂಡ ಇದೆ ಎನ್ನಿ, ಅಂದರೆ 1 ಹೆಕ್ಟೇರ್. ಚಿತ್ರದ ಒಂದು ಚೌಕ, ಅಂದರೆ ಪಿಕ್ಸೆಲ್, ನೆಲದ ಮೇಲೆ 10 ಮೀಟರ್ ಇದ್ದರೆ ಅದು ಸುಮಾರು 100 ಚೌಕ. ಅದರಲ್ಲಿ ಅಂಚಿನ ಸಾಲೇ 36. 30 ಮೀಟರ್‌ಗೆ ಹೋದರೆ ಇಡೀ ಹೊಂಡ 11 ಚೌಕ ಮಾತ್ರ. ಹೊಂಡ ಚೌಕಗಳ ಮೇಲೆ ಹೇಗೆ ಕುಳಿತಿದೆ ಎಂಬುದರ ಮೇಲೆ ಪೂರ್ತಿ ಒಳಗೆ ಬೀಳುವವು ನಾಲ್ಕರಿಂದ ಒಂಬತ್ತು, ಉಳಿದವುಗಳಲ್ಲಿ ನೀರೂ ದಡವೂ ಕಲಸಿರುತ್ತವೆ. 250 ಮೀಟರ್‌ನಲ್ಲಿ ಒಂದು ಪಿಕ್ಸೆಲ್ಲೇ 6.25 ಹೆಕ್ಟೇರ್, ಹೊಂಡ ಕಾಣುವುದೇ ಇಲ್ಲ.

ಈ ಕಲಸಿದ ಪಿಕ್ಸೆಲ್‌ಗಳು ಮಾಡುವ ತೊಂದರೆ ದೊಡ್ಡದು. ದಡದ ಹುಲ್ಲು ಒಣಗಿದರೂ ಸಾಕು, ಅವು ನೀರಿನ ಗುಂಪಿನಿಂದ ನೆಲದ ಗುಂಪಿಗೆ ಜಿಗಿಯುತ್ತವೆ. ನೀರು ಒಂದಿಂಚೂ ಇಳಿಯದೆ ವಿಸ್ತೀರ್ಣ ಇಳಿದಂತೆ ಕಾಣುತ್ತದೆ. ನೋಡಬೇಕಾದ ವಸ್ತುವಿನ ಕಿರಿದಾದ ಬದಿಯಲ್ಲಿ ಐದಾರು ಪಿಕ್ಸೆಲ್ ಆದರೂ ಕೂರಬೇಕು ಎಂಬ ಅಂದಾಜು ಇಟ್ಟುಕೊಂಡರೆ ಮೋಸವಿಲ್ಲ. ಅಷ್ಟು ಕೂರದಿದ್ದರೆ ಪ್ಲಾನೆಟ್‌ಸ್ಕೋಪ್‌ನಂಥ ಸುಮಾರು 3 ಮೀಟರ್‌ನ ಹಣ ಕೊಟ್ಟು ಪಡೆಯುವ ಚಿತ್ರಗಳ ಕಡೆ ನೋಡಬೇಕಾಗುತ್ತದೆ.

ಸಣ್ಣ ಪಿಕ್ಸೆಲ್ಲೇ ಯಾವಾಗಲೂ ಒಳ್ಳೆಯದು ಎಂದಲ್ಲ. ಬದಲಾವಣೆ ಎಷ್ಟು ಬೇಗ ನಡೆಯುತ್ತದೆ, ಎಷ್ಟು ವರ್ಷ ಹಿಂದಕ್ಕೆ ಹೋಗಬೇಕು, ಬೇಕಾದ ತಿಂಗಳಲ್ಲಿ ಮೋಡ ಎಷ್ಟು ಎಂಬ ಇನ್ನೂ ಮೂರು ಪ್ರಶ್ನೆಗಳು ಉಳಿದಿರುತ್ತವೆ.

ಸೆಂಟಿನೆಲ್-2 ಅಥವಾ ಲ್ಯಾಂಡ್‌ಸ್ಯಾಟ್

ಪುಕ್ಕಟೆ ಸಿಗುವ ಬಣ್ಣದ ಚಿತ್ರಗಳಲ್ಲಿ ನಿಜವಾದ ಸ್ಪರ್ಧೆ ಯುರೋಪಿನ ಸೆಂಟಿನೆಲ್-2, ಅಮೆರಿಕದ ಲ್ಯಾಂಡ್‌ಸ್ಯಾಟ್ ಎಂಬ ಈ ಎರಡು ಉಪಗ್ರಹ ಸರಣಿಗಳ ನಡುವೆಯೇ. ಸೆಂಟಿನೆಲ್-2ರ ಮೊದಲ ಉಪಗ್ರಹ 2015ರ ಜೂನ್‌ನಲ್ಲಿ, ಎರಡನೆಯದು 2017ರ ಮಾರ್ಚ್‌ನಲ್ಲಿ, ಮೂರನೆಯದು 2024ರ ಸೆಪ್ಟೆಂಬರ್‌ನಲ್ಲಿ ಹಾರಿದವು. ಜೋಡಿ ಕೆಲಸ ಮಾಡುವಾಗ ಭೂಮಧ್ಯರೇಖೆಯಲ್ಲೂ 5 ದಿನಕ್ಕೊಂದು ಚಿತ್ರ ಸಿಗುತ್ತದೆ. 13 ಬ್ಯಾಂಡ್‌ಗಳಿವೆ, ಅಂದರೆ ಬೆಳಕನ್ನು 13 ತರಂಗಪಟ್ಟಿಗಳಲ್ಲಿ ಬೇರೆ ಬೇರೆಯಾಗಿ ಅಳೆಯುತ್ತದೆ. ನೀಲಿ, ಹಸಿರು, ಕೆಂಪು ಮತ್ತು ಅಗಲವಾದ ಸಮೀಪ ಅವಕೆಂಪು (ಬಿ2, ಬಿ3, ಬಿ4, ಬಿ8) 10 ಮೀಟರ್. ಕೆಂಪಂಚಿನ (ಕೆಂಪಿಗೂ ಅವಕೆಂಪಿಗೂ ನಡುವಿನ) ಮೂರು ಬ್ಯಾಂಡ್, ಬಿ8ಎ, ಕಿರುತರಂಗ ಅವಕೆಂಪಿನ ಬಿ11 ಮತ್ತು ಬಿ12 ಇವು 20 ಮೀಟರ್. ಉಳಿದ ಮೂರು 60 ಮೀಟರ್, ವಾತಾವರಣದ ತಿದ್ದುಪಡಿಗೆ ಬಳಸುವಂಥವು.

ಲ್ಯಾಂಡ್‌ಸ್ಯಾಟ್‌ನ ಬಲ ಅದರ ಆಯುಷ್ಯ. ಸರಣಿ ಶುರುವಾದದ್ದು 1972ರಲ್ಲಿ. 30 ಮೀಟರ್‌ನಲ್ಲಿ ಒಂದಕ್ಕೊಂದು ಹೋಲಿಸಬಹುದಾದ ಚಿತ್ರಗಳು 1980ರ ದಶಕದಿಂದ, ಮುಖ್ಯವಾಗಿ 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 5ರಿಂದ ಸಿಗುತ್ತವೆ. 8 (2013) ಮತ್ತು 9 (2021) ತಲಾ 16 ದಿನಕ್ಕೊಮ್ಮೆ, ಎರಡೂ ಸೇರಿ 8 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತವೆ. ಸೆಂಟಿನೆಲ್-2ರಲ್ಲಿ ಇಲ್ಲದ ಉಷ್ಣ ಬ್ಯಾಂಡ್ ಇದರಲ್ಲಿದೆ. ನೆಲದ ತಾಪ ಬೇಕಿದ್ದರೆ ಬೇರೆ ಯೋಚನೆಯೇ ಬೇಡ, ಇದನ್ನೇ ಹಿಡಿಯಿರಿ. ಒಂದು ಎಚ್ಚರಿಕೆ: ಆ ತಾಪದ ಪದರ 30 ಮೀಟರ್ ಎಂದು ತೋರಿಸಿದರೂ ನಿಜವಾಗಿ ಅಳೆದದ್ದು 100 ಮೀಟರ್‌ನಲ್ಲಿ. ಎರಡು ಪಕ್ಕಪಕ್ಕದ ಛಾವಣಿಗಳ ತಾಪವನ್ನು ಅದರಿಂದ ಹೋಲಿಸಬಾರದು.

2017ರಿಂದ ಈಚಿನ ಬದಲಾವಣೆ ಮಾತ್ರ ಬೇಕಿದ್ದರೆ ಸೆಂಟಿನೆಲ್-2, ಇಪ್ಪತ್ತು ಮೂವತ್ತು ವರ್ಷದ ಕಥೆ ಬೇಕಿದ್ದರೆ ಲ್ಯಾಂಡ್‌ಸ್ಯಾಟ್ ಎಂಬುದು ಸರಳ ಉತ್ತರ. ಹಳೆಯದಕ್ಕೆ ಲ್ಯಾಂಡ್‌ಸ್ಯಾಟ್, ಹೊಸದಕ್ಕೆ ಸೆಂಟಿನೆಲ್-2 ಎಂದು ಅರ್ಧರ್ಧ ಹೊಲಿದು ಕೂರಿಸುವುದು ಮಾತ್ರ ಕೆಟ್ಟ ಆಯ್ಕೆ. 2000ದ ಕೆರೆಯನ್ನು 30 ಮೀಟರ್‌ನಲ್ಲಿ, ಇಂದಿನದನ್ನು 10 ಮೀಟರ್‌ನಲ್ಲಿ ಅಳೆದರೆ ದಡದ ಪಿಕ್ಸೆಲ್‌ಗಳೇ ಬದಲಾವಣೆಯಾಗಿ ಕಾಣುತ್ತವೆ. 2013ರಿಂದ ಈಚಿನ ಕೆಲಸಕ್ಕೆ ಎರಡೂ ಬೇಕೇ ಬೇಕಿದ್ದರೆ ಎರಡರ ಚಿತ್ರಗಳನ್ನೂ 30 ಮೀಟರ್‌ಗೆ ಹೊಂದಿಸಿ ಸಿದ್ಧಪಡಿಸಿದ ನಾಸಾದ ಎಚ್‌ಎಲ್‌ಎಸ್ ಸಂಗ್ರಹವನ್ನು ಬಳಸಿ.

ಲ್ಯಾಂಡ್‌ಸ್ಯಾಟ್ ಒಳಗೂ ಹೊಲಿಗೆಯ ಗುರುತುಗಳಿವೆ. ಲ್ಯಾಂಡ್‌ಸ್ಯಾಟ್ 7ರಲ್ಲಿ ಚಿತ್ರದ ಸಾಲುಗಳನ್ನು ಸರಿಹೊಂದಿಸುವ ಭಾಗವಾದ ಸ್ಕ್ಯಾನ್ ಲೈನ್ ಕರೆಕ್ಟರ್ 2003ರ ಮೇ 31ರಂದು ಕೆಟ್ಟಿತು. ಅಲ್ಲಿಂದ ಪ್ರತಿ ಚಿತ್ರದಲ್ಲೂ ಸುಮಾರು 22 ಶೇಕಡಾ ಭಾಗ ಪಟ್ಟೆಪಟ್ಟೆಯಾಗಿ ಖಾಲಿ. ಈ ಪಟ್ಟೆಗಳನ್ನು ಪಕ್ಕದ ಪಿಕ್ಸೆಲ್‌ನಿಂದ ತುಂಬಿ ವಿಸ್ತೀರ್ಣ ಲೆಕ್ಕ ಹಾಕಬೇಡಿ, ಖಾಲಿಯನ್ನು ಖಾಲಿಯಾಗಿಯೇ ಬಿಡಿ. ಇನ್ನೊಂದು ಗುರುತು ಕಣ್ಣಿಗೆ ಕಾಣುವುದಿಲ್ಲ. 7ರ ಸಮೀಪ ಅವಕೆಂಪು ಬ್ಯಾಂಡ್ 0.77ರಿಂದ 0.90 ಮೈಕ್ರೋಮೀಟರ್‌ವರೆಗೆ ಅಗಲ, 8ರದ್ದು 0.85ರಿಂದ 0.88ರವರೆಗೆ ಮಾತ್ರ. ಅದೇ ಮರಗಳಿಗೆ 8 ಕೊಡುವ ಹಸಿರಿನ ಅಂಕಿ ಸರಾಸರಿಯಲ್ಲಿ ತುಸು ಹೆಚ್ಚು. ಸರಣಿಯನ್ನು ಹಾಗೇ ಜೋಡಿಸಿದರೆ 2013ರಿಂದ ಭೂಮಿ ಹಸಿರಾಗುತ್ತಾ ಬಂದಂತೆ ಕಾಣುತ್ತದೆ.

ಸಾವಿರದ ತಪ್ಪು

ಸೆಂಟಿನೆಲ್-2 ಬಳಸುವವರಲ್ಲಿ ಬಹಳ ಜನ ಎಡವುವ ಜಾಗ ಇದು, ಹತ್ತಿರದಿಂದ ನೋಡೋಣ. ಈ ಚಿತ್ರಗಳಲ್ಲಿ ಪ್ರತಿಫಲನವನ್ನು (ಬಿದ್ದ ಬೆಳಕಿನಲ್ಲಿ ಮರಳಿದ ಪಾಲನ್ನು) 10,000ದಿಂದ ಗುಣಿಸಿ ಪೂರ್ಣಾಂಕವಾಗಿ ಇಡುತ್ತಾರೆ. 2022ರ ಜನವರಿ 25ರಂದು ಸಂಸ್ಕರಣೆಯ 04.00 ಆವೃತ್ತಿ ಜಾರಿಗೆ ಬಂತು. ಆಗಿನಿಂದ ಪ್ರತಿ ಸಂಖ್ಯೆಗೂ 1,000 ಕೂಡಿಸಿ ಇಡಲಾಗುತ್ತಿದೆ. ಬಳಸುವವರು ಅದನ್ನು ಕಳೆದುಕೊಳ್ಳಬೇಕು.

ಕಡತದಲ್ಲಿ ಒಂದು ಪಿಕ್ಸೆಲ್‌ನ ಕೆಂಪು 1,450, ಸಮೀಪ ಅವಕೆಂಪು 3,900 ಎಂದಿದೆ. ಹಸಿರನ್ನು ಅಳೆಯುವ ಸೂಚ್ಯಂಕವಾದ ಎನ್‌ಡಿವಿಐ ಎಂದರೆ ಇವೆರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದ್ದು. ಕಳೆಯದೆ ಲೆಕ್ಕ ಹಾಕಿದರೆ 2,450 ÷ 5,350 = 0.46. ಸಾವಿರ ಕಳೆದರೆ ಸಂಖ್ಯೆಗಳು 450 ಮತ್ತು 2,900. ಈಗ 2,450 ÷ 3,350 = 0.73. ಮೊದಲನೆಯದನ್ನು ನೋಡಿದವರು ಇದು ವಿರಳ ಪೊದೆ ಎನ್ನುತ್ತಾರೆ, ಎರಡನೆಯದನ್ನು ನೋಡಿದವರು ದಟ್ಟ ಹಸಿರು ಎನ್ನುತ್ತಾರೆ. 2021ರ ಚಿತ್ರವನ್ನೂ 2023ರ ಚಿತ್ರವನ್ನೂ ಹೀಗೆ ಹಸಿಯಾಗಿ ಹೋಲಿಸಿದರೆ ಎಲ್ಲಾ ಕಾಡೂ ಎರಡೇ ವರ್ಷದಲ್ಲಿ ಹಾಳಾದಂತೆ ಕಾಣುತ್ತದೆ. ಚಿತ್ರಗಳನ್ನು ಇಳಿಸಿಕೊಳ್ಳದೆ ಜಾಲದಲ್ಲೇ ಸಂಸ್ಕರಿಸುವ ಗೂಗಲ್‌ನ ಅರ್ತ್ ಎಂಜಿನ್‌ನಲ್ಲಿ ಕೆಲಸ ಮಾಡುವವರು ಹೆಸರಿನ ಕೊನೆಯಲ್ಲಿ ‘ಹಾರ್ಮೊನೈಸ್ಡ್’ ಎಂದಿರುವ ಸಂಗ್ರಹವನ್ನು ತೆಗೆದುಕೊಂಡರೆ ಈ ಕಳೆಯುವ ಕೆಲಸ ಆಗಿಯೇ ಬಂದಿರುತ್ತದೆ. ಅದರ ಮೇಲೆ ಮತ್ತೊಮ್ಮೆ ಕಳೆದರೆ ತಪ್ಪು ತಿರುಗುಮುರುಗಾಗುತ್ತದೆ.

ಲ್ಯಾಂಡ್‌ಸ್ಯಾಟ್‌ನ ಎರಡನೇ ಸಂಗ್ರಹದಲ್ಲೂ ಇಂಥದೇ ಗುಣಕವಿದೆ: ಕಡತದ ಸಂಖ್ಯೆಯನ್ನು 0.0000275ರಿಂದ ಗುಣಿಸಿ 0.2 ಕಳೆಯಬೇಕು. ಗುಣಿಸುವುದೊಂದೇ ಇದ್ದಿದ್ದರೆ ಅದನ್ನು ಮರೆತರೂ ಎನ್‌ಡಿವಿಐಯಂಥ ಅನುಪಾತ ಸೂಚ್ಯಂಕ ಕೆಡುತ್ತಿರಲಿಲ್ಲ, ಕಳೆಯುವುದನ್ನು ಮರೆತರೆ ಕೆಡುತ್ತದೆ. ಗುಣಿಸಿದರೆ ಸಾಕು ಎಂದುಕೊಂಡವರು ಬಹಳ.

ಒಂದು ಸ್ವಚ್ಛ ಚಿತ್ರವೋ, ಹಲವು ಚಿತ್ರಗಳ ಮಧ್ಯಾಂಕವೋ

ಬೆಂಕಿ, ಭೂಕುಸಿತ, ಒಡೆದ ಅಣೆಕಟ್ಟೆಯಂಥ ಒಂದು ದಿನದ ಘಟನೆಗೆ ಮುಂಚಿನ ಒಂದು ಮತ್ತು ನಂತರದ ಒಂದು ಸ್ವಚ್ಛ ಚಿತ್ರ ಸಾಕು. ವರ್ಷದಿಂದ ವರ್ಷಕ್ಕೆ ಹೋಲಿಸುವುದಾದರೆ ಎರಡು ಮೂರು ತಿಂಗಳ ಚಿತ್ರಗಳ ಮಧ್ಯಾಂಕ (ಅಂಕಿಗಳನ್ನು ಏರಿಕೆಯ ಸಾಲಿನಲ್ಲಿಟ್ಟಾಗ ನಡುವೆ ಬರುವುದು) ಹೆಚ್ಚು ಗಟ್ಟಿ. ಆದರೆ ಪ್ರತಿ ಪಿಕ್ಸೆಲ್‌ಗೂ ಮೋಡವಿಲ್ಲದ ಐದಾರು ನೋಟಗಳಾದರೂ ಇರಬೇಕು, ಎರಡೇ ಇದ್ದರೆ ಮಧ್ಯಾಂಕಕ್ಕೂ ಉಳಿದ ಮೋಡವನ್ನು ಹೊರಹಾಕುವ ಶಕ್ತಿಯಿಲ್ಲ. ಎಷ್ಟು ನೋಟ ಸಿಕ್ಕಿತೆಂಬ ನಕ್ಷೆಯೊಂದನ್ನು ಪಕ್ಕದಲ್ಲಿ ತಯಾರಿಸಿಟ್ಟುಕೊಳ್ಳಿ. ಬದಲಾವಣೆಯ ನಕ್ಷೆಯಲ್ಲಿ ಕಂಡ ಕಲೆ ನೋಟಗಳ ನಕ್ಷೆಯಲ್ಲೂ ಅದೇ ಆಕಾರದಲ್ಲಿ ಕಂಡರೆ ಅದು ನೆಲದ ಸುದ್ದಿಯಲ್ಲ.

ಎರಡು ವರ್ಷಗಳಿಗೂ ಅದೇ ತಿಂಗಳುಗಳನ್ನೇ ಹಿಡಿಯಬೇಕು. ಎಲೆ ಉದುರುವ ಕಾಡಿನಲ್ಲಿ ಆರು ವಾರದ ಅಂತರ ಸಾಕು, ಮರ ಕಡಿದಷ್ಟೇ ವ್ಯತ್ಯಾಸ ತೋರುತ್ತದೆ. ಗುಡ್ಡಗಾಡಿನಲ್ಲಿ ಸೂರ್ಯ ತಗ್ಗಿದ ತಿಂಗಳುಗಳ ನೆರಳು ನೀರಿನಂತೆಯೇ ಕಪ್ಪಾಗಿ ಬೀಳುತ್ತದೆ.

ಪ್ರತಿ ಪಿಕ್ಸೆಲ್‌ನಲ್ಲೂ ಅತಿ ಹಸಿರಾದ ನೋಟವನ್ನು ಆರಿಸುವ ಪದ್ಧತಿಯೂ ಇದೆ. ಮೋಡ ಚೆನ್ನಾಗಿ ಹೋಗುತ್ತದೆ ನಿಜ. ಆದರೆ ಕೆರೆಗಳಿಗೆ ಇದು ಬೇಡವೇ ಬೇಡ. ಜೊಂಡು, ಪಾಚಿ ತೇಲಿಬಂದ ಒಂದೇ ಒಂದು ದಿನವಿದ್ದರೂ ಆ ದಿನದ್ದೇ ಆಯ್ಕೆಯಾಗಿ ನೀರು ಮಾಯವಾಗುತ್ತದೆ.

ಮೋಡ ತೆಗೆಯುವಾಗ ‘20 ಶೇಕಡಾಕ್ಕಿಂತ ಕಡಿಮೆ ಮೋಡ’ ಎಂದು ಜಾಲಾಡುವ ಅಭ್ಯಾಸ ಎಲ್ಲರಿಗೂ ಇದೆ. ಆ ಅಂಕಿ ಸುಮಾರು 110 ಕಿಲೋಮೀಟರ್ ಉದ್ದಗಲದ ಇಡೀ ಚಿತ್ರದ್ದು. ನಿಮ್ಮ ಕೆರೆಯ ಮೇಲೆ ಆಕಾಶ ಶುಭ್ರವಾಗಿದ್ದ ಚಿತ್ರ 70 ಶೇಕಡಾ ಮೋಡವೆಂದು ದಾಖಲಾಗಿ ಕೈತಪ್ಪುತ್ತದೆ. ಮಿತಿಯನ್ನು 80ರವರೆಗೆ ಸಡಿಲಿಸಿ, ಆಮೇಲೆ ಪಿಕ್ಸೆಲ್ ಮಟ್ಟದಲ್ಲಿ ಮೋಡ ತೆಗೆಯುವುದು ಮೇಲು. ಸೆಂಟಿನೆಲ್-2ರ ಜೊತೆಗೇ ಬರುವ ವರ್ಗದ ಪದರದಲ್ಲಿ 3 ಮೋಡದ ನೆರಳು, 8 ಮತ್ತು 9 ಮೋಡ, 10 ತೆಳು ಮೋಡ. ಈ ಪದರ ಹೊಳೆಯುವ ಛಾವಣಿಯನ್ನೂ ಮರಳನ್ನೂ ಕೆಲವೊಮ್ಮೆ ಮೋಡ ಎನ್ನುತ್ತದೆ, ಮೋಡದ ಅಂಚನ್ನು ಬಿಟ್ಟುಬಿಡುತ್ತದೆ. ಮೋಡವೆಂದು ತೆಗೆದುಹಾಕುವ ಭಾಗವನ್ನು ಸುತ್ತಲೂ 100ರಿಂದ 200 ಮೀಟರ್ ಹಿಗ್ಗಿಸಿದರೆ ಅಂಚಿನ ಕಾಟ ಬಹುಪಾಲು ನಿಲ್ಲುತ್ತದೆ. ಮೋಡ ಸಂಭವನೀಯತೆಯ ಪದರವೊಂದು ಲಭ್ಯವಿದ್ದರೆ ವರ್ಗದ ಪದರಕ್ಕಿಂತ ಅದೇ ಒಳ್ಳೆಯದು, ಏಕೆಂದರೆ ಮಿತಿಯನ್ನು ನಿಮ್ಮ ಜಾಗಕ್ಕೆ ತಕ್ಕಂತೆ ಸರಿಹೊಂದಿಸಬಹುದು.

ಮೋಡ ಬಿಡದಿದ್ದರೆ ರೇಡಾರ್

ಪ್ರವಾಹ ಬರುವುದು ಮೋಡ ಕವಿದಾಗಲೇ. ಆಗ ಸೆಂಟಿನೆಲ್-2ರಿಂದ ಬಿಳಿ ಹೊದಿಕೆಯೊಂದೇ ಸಿಗುವುದು. ರೇಡಾರ್ ಉಪಗ್ರಹ ಸೆಂಟಿನೆಲ್-1 ತಾನೇ ಸುಮಾರು 5.6 ಸೆಂಟಿಮೀಟರ್ ಅಲೆಯನ್ನು ಕಳಿಸಿ ಮರಳಿ ಬಂದದ್ದನ್ನು ಅಳೆಯುತ್ತದೆ. ಅದಕ್ಕೆ ಮೋಡವೂ ಅಡ್ಡಿಯಲ್ಲ, ಇರುಳೂ ಅಡ್ಡಿಯಲ್ಲ. ನಯವಾದ ನೀರು ಅಲೆಯನ್ನು ಆಚೆಗೆ ಚಿಮ್ಮಿಸುವುದರಿಂದ ಕಪ್ಪಾಗಿ ಕಾಣುತ್ತದೆ. ಒಂದು ಉಪಗ್ರಹ 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬರುತ್ತದೆ. 1ಬಿ ಉಪಗ್ರಹ 2021ರ ಡಿಸೆಂಬರ್ 23ರಂದು ಕೆಟ್ಟುನಿಂತಿತು, 1ಸಿ 2024ರ ಡಿಸೆಂಬರ್‌ನಲ್ಲಿ ಹಾರಿತು. ನಡುವಿನ ಮೂರು ವರ್ಷ ಚಿತ್ರಗಳು ವಿರಳ. ಈ ಅವಧಿಯ ಪ್ರವಾಹಗಳು ಕಡಿಮೆ ಎಂದು ಕಂಡರೆ ಅವಸರದ ತೀರ್ಮಾನ ಬೇಡ, ನೋಡಿದ್ದೇ ಕಡಿಮೆ.

ರೇಡಾರ್ ಚಿತ್ರವನ್ನು ಹಸಿಯಾಗಿ ಬಳಸಲಾಗದು. ಸ್ನ್ಯಾಪ್ ತಂತ್ರಾಂಶದಲ್ಲಿ ಮೊದಲು ಕಕ್ಷೆಯ ಕಡತ ಹಾಕಿ, ಉಷ್ಣ ಗದ್ದಲವನ್ನೂ ಅಂಚಿನ ಗದ್ದಲವನ್ನೂ ತೆಗೆದು, ಸಿಗ್ಮಾ ಶೂನ್ಯಕ್ಕೆ (ನೆಲ ಮರಳಿಸಿದ ಅಲೆಯ ಪ್ರಮಾಣಕ್ಕೆ) ಅಳತೆ ಹೊಂದಿಸಿ, ಚುಕ್ಕೆ ಗದ್ದಲಕ್ಕೆ ‘ರಿಫೈನ್ಡ್ ಲೀ’ಯಂಥ ಸೋಸುಕ ಹಾಯಿಸಿ, ಭೂಮೇಲ್ಮೈಯ ಎತ್ತರದ ಮಾದರಿಯಿಂದ ಜಾಗಕ್ಕೆ ಕೂರಿಸಿ, ಎಲ್ಲಾ ಮುಗಿದ ಮೇಲೆ ಕೊನೆಗೆ ಡೆಸಿಬೆಲ್‌ಗೆ ತಿರುಗಿಸಬೇಕು. ನಿಖರ ಕಕ್ಷೆಯ ಕಡತ ಬರಲು ಸುಮಾರು 20 ದಿನ ಬೇಕು. ತುರ್ತಿದ್ದರೆ ತಾತ್ಕಾಲಿಕ ಕಡತದಿಂದಲೇ ಮುಂದುವರಿಯಬಹುದು, ಪ್ರವಾಹದ ನಕ್ಷೆಗೆ ಅಷ್ಟು ನಿಖರತೆ ಸಾಕು.

ಡೆಸಿಬೆಲ್ ಕೊನೆಗೇ ಬರಬೇಕೆನ್ನಲು ಕಾರಣವಿದೆ. ಒಂದು ದಿನ −10, ಇನ್ನೊಂದು ದಿನ −20 ಡೆಸಿಬೆಲ್ ಬಂದಿದೆ ಎನ್ನಿ. ನೇರ ಸರಾಸರಿ −15. ಆದರೆ ಶಕ್ತಿಯ ಲೆಕ್ಕದಲ್ಲಿ ಅವು 0.1 ಮತ್ತು 0.01. ಅವುಗಳ ಸರಾಸರಿ 0.055, ಅಂದರೆ −12.6 ಡೆಸಿಬೆಲ್. ನೀರು ನೆಲ ಬೇರ್ಪಡಿಸುವ ಮಿತಿ ಸಾಮಾನ್ಯವಾಗಿ −15 ಮತ್ತು −20ರ ನಡುವೆ ಎಲ್ಲೋ ಇರುವಾಗ ಈ ಎರಡೂವರೆ ಡೆಸಿಬೆಲ್ ಗದ್ದೆಯೊಂದನ್ನು ಕೆರೆ ಮಾಡಬಲ್ಲದು.

ರೇಡಾರ್ ತರುವ ಸುಳ್ಳುಗಳು ಬೇರೆ ಬಗೆಯವು. ಗಾಳಿ ಎದ್ದು ನೀರಿನ ಮೇಲೆ ಸಣ್ಣಲೆ ಏಳಿಸಿದರೆ ವಿವಿ ಧ್ರುವೀಕರಣದಲ್ಲಿ (ಲಂಬವಾಗಿ ಕಳಿಸಿ ಲಂಬವಾಗಿಯೇ ಪಡೆದ ಅಲೆಯಲ್ಲಿ) ಕೆರೆ ಬೆಳ್ಳಗಾಗಿ ನೆಲದೊಳಗೆ ಕರಗಿಹೋಗುತ್ತದೆ, ಲಂಬವಾಗಿ ಕಳಿಸಿ ಅಡ್ಡವಾಗಿ ಪಡೆಯುವ ವಿಎಚ್‌ನಲ್ಲಿ ಈ ಕಾಟ ಕಡಿಮೆ. ಒಣ ಮರಳು, ಡಾಂಬರು ಹಾಸಿದ ಬಯಲು ನೀರಿನಂತೆಯೇ ಕಪ್ಪು. ಮರಗಳ ಬುಡದಲ್ಲಿ ನೀರು ನಿಂತರೆ ಅಲೆ ನೀರಿಗೂ ಕಾಂಡಕ್ಕೂ ಬಡಿದು ಎರಡು ಬಾರಿ ಪುಟಿದು ಹೆಚ್ಚು ಜೋರಾಗಿ ಮರಳುತ್ತದೆ. ಹಾಗಾಗಿ ಮುಳುಗಿದ ತೋಪು ಕಪ್ಪಾಗುವ ಬದಲು ಹೊಳೆಯುತ್ತದೆ. ‘ಕಪ್ಪಾದದ್ದೇ ನೀರು’ ಎಂಬ ಒಂದೇ ನಿಯಮ ಇಟ್ಟುಕೊಂಡವರ ನಕ್ಷೆಯಲ್ಲಿ ಆ ತೋಪು ಒಣಗಿಯೇ ಇರುತ್ತದೆ. ಏರುವ ಕಕ್ಷೆಯ (ದಕ್ಷಿಣದಿಂದ ಉತ್ತರಕ್ಕೆ ಹಾಯುವ) ಚಿತ್ರವನ್ನು ಇಳಿಯುವ ಕಕ್ಷೆಯದರೊಂದಿಗೆ ಹೋಲಿಸುವುದಂತೂ ಕೂಡದು. ಉಪಗ್ರಹ ಎದುರು ಬದಿಯಿಂದ ನೋಡುವುದರಿಂದ ಗುಡ್ಡದ ಇಳಿಜಾರೆಲ್ಲಾ ಬದಲಾದಂತೆ ಕಾಣುತ್ತದೆ. ಹೋಲಿಸುವ ಎರಡೂ ಚಿತ್ರಗಳ ಕಕ್ಷೆಯ ಸಂಖ್ಯೆ ಒಂದೇ ಇರಲಿ.

ಕಾಡಿನ ವಿಷಯದಲ್ಲಿ 5.6 ಸೆಂಟಿಮೀಟರ್ ಅಲೆ ಎಲೆಗಳ ಮೇಲ್ಪದರದಲ್ಲೇ ಚದುರಿಹೋಗುತ್ತದೆ. ಉದ್ದ ಅಲೆ ಒಳಗಿನ ಕಾಂಡ ಕೊಂಬೆಗಳವರೆಗೆ ಇಳಿಯುತ್ತದೆ. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹದಲ್ಲಿ ಸುಮಾರು 24 ಸೆಂಟಿಮೀಟರ್‌ನ ಎಲ್ ಬ್ಯಾಂಡ್ ಇರುವುದರಿಂದ ದಟ್ಟ ಕಾಡು ಮತ್ತು ಮುಳುಗಿದ ಮರಗಳ ಕೆಲಸಕ್ಕೆ ಅದೇ ಸರಿಯಾದ ಉಪಕರಣ.

ದಿನವೂ ಸಿಗುವ ಒರಟು ಚಿತ್ರಗಳು

ಮೋಡಿಸ್ ಎಂಬ ಸಂವೇದಕ ಹೊತ್ತ ಉಪಗ್ರಹಗಳಲ್ಲಿ ಟೆರ್ರಾ 1999ರಲ್ಲಿ, ಆಕ್ವಾ 2002ರಲ್ಲಿ ಹಾರಿದವು. 250 ಮೀಟರ್‌ನಿಂದ 1 ಕಿಲೋಮೀಟರ್‌ವರೆಗಿನ ಪಿಕ್ಸೆಲ್, ಹೆಚ್ಚುಕಡಿಮೆ ದಿನಕ್ಕೊಮ್ಮೆ ಇಡೀ ಭೂಮಿ. ಬರಗಾಲ ಎಷ್ಟು ವಿಸ್ತಾರಕ್ಕೆ ಹಬ್ಬಿದೆ, ಹಸಿರು ಯಾವ ವಾರ ಚಿಗುರಿತು ಎಂಬ ಪ್ರಶ್ನೆಗಳಿಗೆ ಇದು 10 ಮೀಟರ್ ಚಿತ್ರಕ್ಕಿಂತ ಒಳ್ಳೆಯದು. ಆ ಎರಡೂ ಉಪಗ್ರಹಗಳು ಈಗ ತಮ್ಮ ಹಳೆಯ ಸಮಯವನ್ನು ಹಿಡಿದಿಟ್ಟುಕೊಂಡಿಲ್ಲ, ನೆಲದ ಮೇಲೆ ಹಾಯುವ ಗಳಿಗೆ ಸರಿಯುತ್ತಿದೆ. ಗಳಿಗೆ ಸರಿದರೆ ನೆರಳೂ ತಾಪವೂ ಬದಲಾಗುತ್ತವೆ. ಈಚಿನ ವರ್ಷಗಳ ಪ್ರವೃತ್ತಿ ನೋಡುವವರು 375 ಮೀಟರ್‌ನ ವಿಐಐಆರ್‌ಎಸ್ ಸಂವೇದಕದ ಕಡೆ ಹೊರಳುವುದು ಜಾಣತನ.

ಉರಿಯುವ ಬೆಂಕಿಯ ಚುಕ್ಕೆಗಳಿಗೂ ವಿಐಐಆರ್‌ಎಸ್ಸೇ ಮೇಲು. ಆದರೆ ಒಂದು ಚುಕ್ಕೆ ಎಂದರೆ 375 ಮೀಟರ್ ಚೌಕವೆಲ್ಲಾ ಸುಟ್ಟಿತು ಎಂದಲ್ಲ, ಆ ಚೌಕದೊಳಗೆ ಎಲ್ಲೋ ಬಿಸಿ ಇತ್ತು ಎಂದಷ್ಟೇ. ಚುಕ್ಕೆ ಎಣಿಸಿ ಸುಟ್ಟ ವಿಸ್ತೀರ್ಣ ಹೇಳಬಾರದು. ಅದಕ್ಕೆ ಸೆಂಟಿನೆಲ್-2ರ ಮುಂಚಿನ ಮತ್ತು ನಂತರದ ಚಿತ್ರ ಬೇಕು.

ಗಾಳಿಯ ಮಾಲಿನ್ಯಕ್ಕೆ 2017ರಲ್ಲಿ ಹಾರಿದ ಸೆಂಟಿನೆಲ್-5ಪಿ ಇದೆ. ಪಿಕ್ಸೆಲ್ 5.5 × 3.5 ಕಿಲೋಮೀಟರ್. ಅದು ಕೊಡುವುದು ನೆಲದಿಂದ ಮೇಲಿನವರೆಗಿನ ಇಡೀ ಗಾಳಿಕಂಬದ ಮೊತ್ತ, ಮೂಗಿನ ಮಟ್ಟದ ಸಾಂದ್ರತೆಯಲ್ಲ. ಸಾರಜನಕದ ಡೈಆಕ್ಸೈಡ್‌ಗೆ ಗುಣಮಟ್ಟದ ಅಂಕಿ 0.75ಕ್ಕಿಂತ ಹೆಚ್ಚಿರುವ ಪಿಕ್ಸೆಲ್‌ಗಳನ್ನು ಮಾತ್ರ ಇಟ್ಟುಕೊಂಡು ತಿಂಗಳ ಸರಾಸರಿ ಮಾಡಿ.

ಯಾವ ಸೂಚ್ಯಂಕ

ಹಸಿರಿಗೆ ಎನ್‌ಡಿವಿಐ ಎಲ್ಲರ ಕೈಗೂ ಮೊದಲು ಬರುತ್ತದೆ. ದಟ್ಟ ಕಾಡಿನಲ್ಲಿ ಅದು 0.8ರ ಸುತ್ತ ಹೋಗಿ ನಿಂತುಬಿಡುತ್ತದೆ, ಆಮೇಲೆ ಕಾಡು ತೆಳುವಾಗಲು ಶುರುವಾದರೂ ಅಂಕಿ ಅಲುಗುವುದಿಲ್ಲ. ಅಂಥಲ್ಲಿ ನೀಲಿಯನ್ನೂ ಬಳಸುವ ಇವಿಐ, ಅಥವಾ ಸೆಂಟಿನೆಲ್-2ರ ಕೆಂಪಂಚಿನ ಬ್ಯಾಂಡ್‌ಗಳು ಉತ್ತಮ. ಮಣ್ಣು ಹೆಚ್ಚು ಕಾಣುವ ಬಯಲಿನಲ್ಲಿ ಮಳೆ ಬಿದ್ದು ಮಣ್ಣು ಕಪ್ಪಾದರೂ ಎನ್‌ಡಿವಿಐ ಏರುತ್ತದೆ. ಅಲ್ಲಿ 0.5ರ ಮಣ್ಣಿನ ಗುಣಕವಿರುವ ಸಾವಿ ಎಂಬ ಸೂಚ್ಯಂಕ ತೆಗೆದುಕೊಳ್ಳಿ.

ನೀರಿಗೆ ಎರಡು ಆಯ್ಕೆ. ಹಸಿರು ಮತ್ತು ಸಮೀಪ ಅವಕೆಂಪಿನ ಎನ್‌ಡಿಡಬ್ಲ್ಯುಐ (1996) ಪೂರ್ತಿ 10 ಮೀಟರ್‌ನಲ್ಲಿ ಸಿಗುತ್ತದೆ, ಆದರೆ ಕಟ್ಟಡಗಳನ್ನು ನೀರೆಂದು ತಿಳಿಯುತ್ತದೆ. ಸಮೀಪ ಅವಕೆಂಪಿನ ಬದಲು ಕಿರುತರಂಗ ಅವಕೆಂಪು ಹಾಕಿದ ಎಮ್‌ಎನ್‌ಡಿಡಬ್ಲ್ಯುಐ (2006) ಕಟ್ಟಡಗಳ ನಡುವಿನ ಕೆರೆಗೆ ಬಹಳ ಚೆನ್ನ, ಆದರೆ ಬಿ11 ಇರುವುದು 20 ಮೀಟರ್‌ನಲ್ಲಿ. ಊರೊಳಗಿನ ನೀರಿಗೆ ಎರಡನೆಯದು, ಬಯಲಿನ ಕಿರಿದಾದ ಕಾಲುವೆಗೆ ಮೊದಲನೆಯದು. ಜೊಂಡು ಮುಚ್ಚಿದ ಕೆರೆಗೆ ಎರಡೂ ಸೋಲುತ್ತವೆ. ಹಳೆಯ ದಡದ ಗೆರೆಯೊಳಗೆ ಹಸಿರಿನ ಅಂಕಿ ಹೆಚ್ಚಿರುವ ಭಾಗವನ್ನು ‘ಮುಚ್ಚಿದ ನೀರು’ ಎಂದು ಬೇರೆಯೇ ಎಣಿಸಿ, ಒಣಗಿದ ಜಾಗದೊಂದಿಗೆ ಸೇರಿಸಬೇಡಿ. 1984ರಿಂದ ಈಚಿನ ಮೇಲ್ಮೈ ನೀರಿನ 30 ಮೀಟರ್ ಜಾಗತಿಕ ನಕ್ಷೆ ಪುಕ್ಕಟೆ ಇದೆ, ಹಳೆಯ ದಡ ಅಲ್ಲಿ ಸಿಗುತ್ತದೆ.

ಮಿತಿಯನ್ನು ಕಣ್ಣಂದಾಜಿನಿಂದ ಶೂನ್ಯ ಎಂದು ಇಡುವ ಬದಲು ಓತ್ಸು ವಿಧಾನ ಬಳಸುವುದು ಒಳ್ಳೆಯ ಪದ್ಧತಿ. ಅದು ಅಂಕಿಗಳ ಹಂಚಿಕೆಯಲ್ಲಿ ಎರಡು ದಿಬ್ಬಗಳ ನಡುವಿನ ಕಣಿವೆ ಹುಡುಕುತ್ತದೆ. ನೀರು ಚಿತ್ರದ ಚಿಕ್ಕ ಪಾಲಷ್ಟೇ ಇದ್ದರೆ ಎರಡನೇ ದಿಬ್ಬವೇ ಏಳದೆ, ಹೊಲ ಮತ್ತು ಕಾಡಿನ ನಡುವೆ ಗೆರೆ ಎಳೆದುಬಿಡುತ್ತದೆ. ಕೆರೆಯ ಸುತ್ತ ಅದರಷ್ಟೇ ವಿಸ್ತೀರ್ಣದ ನೆಲ ಬರುವಂತೆ ಚಿತ್ರವನ್ನು ಕತ್ತರಿಸಿಕೊಂಡು ಮಿತಿ ಹುಡುಕಿದರೆ ಸರಿಹೋಗುತ್ತದೆ.

ಸುಟ್ಟ ಜಾಗಕ್ಕೆ ಸಮೀಪ ಅವಕೆಂಪು ಮತ್ತು ಬಿ12ರಿಂದ ಲೆಕ್ಕ ಹಾಕುವ ಎನ್‌ಬಿಆರ್ ಸೂಚ್ಯಂಕ. ಮುಂಚಿನದರಿಂದ ನಂತರದ್ದನ್ನು ಕಳೆದಾಗ 0.1ರ ಕೆಳಗೆ ಸುಟ್ಟಿಲ್ಲ, 0.27ರವರೆಗೆ ಲಘು, 0.44 ಮತ್ತು 0.66 ಮುಂದಿನ ಗಡಿಗಳು ಎಂಬ ಪಟ್ಟಿ ಎಲ್ಲೆಡೆ ಓಡಾಡುತ್ತದೆ. ಅದು ಮರದ ಕಾಡಿಗೆ ಹೊಂದುವ ಪಟ್ಟಿ. ಹುಲ್ಲುಗಾವಲಿನಲ್ಲಿ ಬೂದಿ ಹಾರಿ ವಾರ ಕಳೆದರೆ ಪೂರ್ತಿ ಸುಟ್ಟ ಜಾಗವೂ ಲಘು ಎಂದು ಕಾಣುತ್ತದೆ.

ಕೆರೆಯ ಪಾಚಿ ಅಳೆಯುವವರಿಗೆ ಒಂದು ಮಾತು: ನೆಲಕ್ಕೆಂದು ತಿದ್ದಿದ ಪ್ರತಿಫಲನವನ್ನು ನೀರಿಗೆ ನಂಬಬೇಡಿ. ನೀರಿನಿಂದ ಬರುವ ಬೆಳಕು ಅತ್ಯಲ್ಪ, ವಾತಾವರಣದ ಸಣ್ಣ ತಪ್ಪೂ ಅದನ್ನು ನುಂಗುತ್ತದೆ. ಅಕೊಲೈಟ್ ಅಥವಾ ಸಿ2ಆರ್‌ಸಿಸಿಯಂಥ ನೀರಿಗೆಂದೇ ಇರುವ ತಿದ್ದುಪಡಿ ಬೇಕು.

ಸಿದ್ಧ ನಕ್ಷೆ ಸಾಕೇ?

ಒಂದು ಜಾಗದಲ್ಲಿ ಏನಿದೆ ಎಂದು ತಿಳಿಯಲು ಸಾಕು. ಎರಡು ವರ್ಷದ ಸಿದ್ಧ ನಕ್ಷೆಗಳನ್ನು ಕಳೆದು ಬದಲಾವಣೆ ಹೇಳಲು ಸಾಲದು. ನೆಲದ ಹೊದಿಕೆ ತೋರಿಸುವ 10 ಮೀಟರ್‌ನ ವರ್ಲ್ಡ್‌ಕವರ್ ನಕ್ಷೆಯ 2020ರ ಆವೃತ್ತಿಯ ನಿಖರತೆ 74.4 ಶೇಕಡಾ, 2021ರದ್ದು 76.7. ಎರಡರ ತಪ್ಪುಗಳೂ ಪರಸ್ಪರ ಸಂಬಂಧವಿಲ್ಲದವು ಎಂದುಕೊಂಡರೆ ಎರಡೂ ಸರಿ ಇರುವ ಜಾಗ 57 ಶೇಕಡಾ ಮಾತ್ರ. ಅಲ್ಲದೆ ಎರಡನ್ನೂ ಬೇರೆ ಬೇರೆ ಕ್ರಮದಿಂದ ತಯಾರಿಸಲಾಗಿದೆ, ವ್ಯತ್ಯಾಸದಲ್ಲಿ ಕ್ರಮ ಬದಲಾದ ಪಾಲೂ ಇದೆ. ಲ್ಯಾಂಡ್‌ಸ್ಯಾಟ್ ಆಧಾರಿತ ಜಾಗತಿಕ ಕಾಡುನಷ್ಟದ ನಕ್ಷೆ ಬದಲಾವಣೆಯನ್ನೇ ನೇರ ಹುಡುಕುವುದರಿಂದ ಇದಕ್ಕಿಂತ ಉತ್ತಮ. ಆದರೆ ಅದಕ್ಕೆ 5 ಮೀಟರ್‌ಗಿಂತ ಎತ್ತರದ ಯಾವ ಮರವಾದರೂ ಕಾಡೇ. ನೆಡುತೋಪು ಕಟಾವಾದದ್ದೂ ಹಳೆಯ ಕಾಡು ಉರುಳಿದ್ದೂ ಅಲ್ಲಿ ಒಂದೇ ಬಣ್ಣ.

ಸ್ವಂತ ವರ್ಗೀಕರಣಕ್ಕೆ ಹಲವು ನಿರ್ಧಾರ ಮರಗಳ ಬಹುಮತದಿಂದ ವರ್ಗ ಹೇಳುವ ರ್‍ಯಾಂಡಮ್ ಫಾರೆಸ್ಟ್ ವಿಧಾನದಿಂದ ಶುರುಮಾಡಿ. ಅಂಥ 100ರಿಂದ 500 ಮರಗಳು ಸಾಕು, ಸಾಧಾರಣ ಗಣಕದಲ್ಲೂ ಓಡುತ್ತದೆ. ಡೀಪ್ ಲರ್ನಿಂಗ್‌ನ ಯೂ-ನೆಟ್ ಆಕಾರವನ್ನು ಹಿಡಿಯುವುದರಲ್ಲಿ ಗಟ್ಟಿ, ರಸ್ತೆ, ಗಣಿಗುಂಡಿಗಳಂಥವಕ್ಕೆ ಒಪ್ಪುತ್ತದೆ. ಆದರೆ ಸಾವಿರಾರು ತುಣುಕುಗಳಿಗೆ ಕೈಯಿಂದ ಗೆರೆ ಎಳೆದು ಕೊಡಬೇಕು. ಯಾವುದನ್ನೇ ಹಿಡಿಯಿರಿ, ಮಾದರಿಗೆಂದು ಗೆರೆ ಎಳೆದ ಒಂದೇ ಬಹುಭುಜದ ಕೆಲವು ಪಿಕ್ಸೆಲ್‌ಗಳನ್ನು ಕಲಿಕೆಗೂ ಉಳಿದವನ್ನು ಪರೀಕ್ಷೆಗೂ ಹಂಚಬೇಡಿ. ಪಕ್ಕದ ಪಿಕ್ಸೆಲ್‌ಗಳು ಅವಳಿಜವಳಿ. ಪರೀಕ್ಷೆಯಲ್ಲಿ 97 ಶೇಕಡಾ ಬಂದ ಮಾದರಿ ಹೊಸ ಕಣಿವೆಯಲ್ಲಿ ಮುಗ್ಗರಿಸುವುದು ಇದರಿಂದಲೇ. ಹಂಚಿಕೆ ಬಹುಭುಜಗಳ ಲೆಕ್ಕದಲ್ಲಿ ಆಗಬೇಕು.

ಎಲ್ಲಿ ಸಂಸ್ಕರಿಸುವುದು

ಮೂರು ನಾಲ್ಕು ಚಿತ್ರಗಳ ಕೆಲಸವಾದರೆ ಕಡತ ಇಳಿಸಿಕೊಂಡು ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಮಾಡುವುದೇ ಸರಿ, ಪ್ರತಿ ಹೆಜ್ಜೆಯೂ ಕಣ್ಣೆದುರು ಇರುತ್ತದೆ. ನೂರಾರು ಚಿತ್ರಗಳ ಸರಣಿಗೆ ಅರ್ತ್ ಎಂಜಿನ್‌ನಂಥ ಜಾಲದ ಗಣಕ ಸೇವೆ (ಕ್ಲೌಡ್) ಬೇಕು. ಅಲ್ಲಿನ ಬಲೆಯೊಂದನ್ನು ತಿಳಿದಿರಿ: ಮಧ್ಯಾಂಕ ಮಾಡಿದ ಕೂಡಲೇ ಚಿತ್ರ ತನ್ನ ಮೂಲ ಪ್ರಕ್ಷೇಪಣವನ್ನು (ಗುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಕ್ರಮವನ್ನು) ಕಳೆದುಕೊಂಡು 1 ಡಿಗ್ರಿ ಪಿಕ್ಸೆಲ್‌ನದಾಗುತ್ತದೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುವುದರಿಂದ ಗೊತ್ತಾಗುವುದಿಲ್ಲ. ಮೊತ್ತ ಕೇಳುವಾಗ ಸ್ಕೇಲ್ 10 ಅಥವಾ 30 ಎಂದು ಬಾಯಿಬಿಟ್ಟು ಹೇಳಲೇಬೇಕು. ವಿಸ್ತೀರ್ಣವನ್ನು ವೆಬ್ ಮರ್ಕೇಟರ್ ಪ್ರಕ್ಷೇಪಣದಲ್ಲಿ ಎಣಿಸಬೇಡಿ, ಅದು 45 ಡಿಗ್ರಿ ಅಕ್ಷಾಂಶದಲ್ಲಿ ಎರಡು ಪಟ್ಟು, 60ರಲ್ಲಿ ನಾಲ್ಕು ಪಟ್ಟು ಉಬ್ಬಿಸುತ್ತದೆ.

ಎರಡು ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ ಎಂದು ಕಳೆಯುವ ಮೊದಲು ನೋಡಿ. ವ್ಯತ್ಯಾಸದ ಚಿತ್ರದಲ್ಲಿ ಪ್ರತಿ ಹೊಲದ, ಪ್ರತಿ ರಸ್ತೆಯ ಒಂದು ಬದಿ ಬಿಳಿ ಗೆರೆ, ಎದುರು ಬದಿ ಕಪ್ಪು ಗೆರೆ ಕಂಡರೆ ಚಿತ್ರ ಒಂದು ಪಿಕ್ಸೆಲ್ ಜಾರಿದೆ ಎಂದೇ ಅರ್ಥ.

ಎಣಿಕೆಯೋ, ಅಂದಾಜೋ

ಕೊನೆಯ ಆಯ್ಕೆಯನ್ನು ಬಹಳಷ್ಟು ವರದಿಗಳು ಆಯ್ಕೆಯೆಂದೇ ತಿಳಿಯುವುದಿಲ್ಲ: ಬದಲಾದ ಪಿಕ್ಸೆಲ್‌ಗಳನ್ನು ಎಣಿಸಿ ಹೆಕ್ಟೇರ್ ಬರೆದು ಮುಗಿಸುತ್ತವೆ. ಲೆಕ್ಕಕ್ಕೆ ಒಂದು ಪ್ರದೇಶ ತೆಗೆದುಕೊಳ್ಳೋಣ. ಒಟ್ಟು 1,00,000 ಹೆಕ್ಟೇರ್, ನಕ್ಷೆಯ ಪ್ರಕಾರ 1,000 ಹೆಕ್ಟೇರ್ ಕಾಡು ಹೋಗಿದೆ. ಹೋಗಿದೆ ಎಂದ ಭಾಗದಲ್ಲಿ 100 ಬಿಂದುಗಳನ್ನು ಚೀಟಿ ಎತ್ತಿದಂತೆ ಆರಿಸಿ, ಸ್ಪಷ್ಟ ಚಿತ್ರಗಳಲ್ಲಿ ಒಂದೊಂದಾಗಿ ನೋಡಿದಾಗ 80 ನಿಜ. ಬದಲಾಗಿಲ್ಲ ಎಂದ ಭಾಗದಲ್ಲಿ 400 ಬಿಂದು ನೋಡಿದಾಗ 4ರಲ್ಲಿ ಕಾಡು ಹೋಗಿತ್ತು. 400ಕ್ಕೆ 4 ತಪ್ಪಿದರೆ ಏನು ಮಹಾ ಎನ್ನಿಸುತ್ತದೆ. ಆದರೆ ಆ ಭಾಗ 99,000 ಹೆಕ್ಟೇರ್, ಅದರ 1 ಶೇಕಡಾ 990. ಮೊದಲ ಭಾಗದ 800 ಸೇರಿ ನಷ್ಟದ ಅಂದಾಜು 1,790 ಹೆಕ್ಟೇರ್. ನಕ್ಷೆ ಹೇಳಿದ್ದಕ್ಕಿಂತ ಹೆಚ್ಚುಕಡಿಮೆ ಎಂಭತ್ತು ಶೇಕಡಾ ಹೆಚ್ಚು.

ಅಂದಾಜಿಗೆ ಅಂಚೂ ಇದೆ, ಅಂದರೆ ಅದು ಎಷ್ಟು ಹೆಚ್ಚು ಅಥವಾ ಕಡಿಮೆ ಇರಬಹುದು ಎಂಬ ಮಿತಿ. 95 ಶೇಕಡಾ ಭರವಸೆಯಲ್ಲಿ ಈ 1,790ಕ್ಕೆ ಹಿಂದೆಮುಂದೆ ಸುಮಾರು 970 ಹೆಕ್ಟೇರ್ ಸೇರಿಸಿ ಹೇಳಬೇಕು. ಈ ಅಗಲವೆಲ್ಲಾ ಬಂದದ್ದು ಆ ನಾಲ್ಕು ಬಿಂದುಗಳಿಂದ, ಅಲ್ಲಿ ಒಂದೊಂದು ಬಿಂದುವೂ ಸುಮಾರು 250 ಹೆಕ್ಟೇರ್ ಹೊತ್ತು ನಿಂತಿದೆ. ಬದಲಾದ ಭಾಗದಲ್ಲಿ ಇನ್ನೂ 500 ಬಿಂದು ನೋಡಿದರೂ ಅಂಚು ಅಲುಗುವುದಿಲ್ಲ. ನಕ್ಷೆ ಬಿಟ್ಟುಹೋಗುವ ನಷ್ಟ ಹೆಚ್ಚಾಗಿ ಕಂಡ ನಷ್ಟದ ಅಂಚಿಗೇ ತಾಗಿಕೊಂಡಿರುತ್ತದೆ. ಆದ್ದರಿಂದ ಬದಲಾದ ಭಾಗದ ಸುತ್ತ ನಾಲ್ಕೈದು ಪಿಕ್ಸೆಲ್ ಅಗಲದ ಪಟ್ಟಿಯೊಂದನ್ನು ಮೂರನೇ ವರ್ಗವಾಗಿ ಬೇರೆ ಮಾಡಿ, ಹೊಸ ಬಿಂದುಗಳಲ್ಲಿ ಹೆಚ್ಚಿನ ಪಾಲನ್ನು ಅದಕ್ಕೆ ಕೊಡಿ. ತಪ್ಪಿದ ಬಿಂದುಗಳು 250 ಹೆಕ್ಟೇರ್‌ನ ಬದಲು ಹತ್ತಿಪ್ಪತ್ತು ಹೆಕ್ಟೇರ್ ಹೊರುವಂತಾದಾಗ ಅಂಚು ತಾನಾಗಿ ಕಿರಿದಾಗುತ್ತದೆ.